ಸಹಾಯ ಬೇಕು: ಅಮೆರಿಕದ ಕ್ಯಾನ್ಸಸ್‌ನ ನಿಕೋಡಿಮಸ್‌ಗೆ ಯಾರಾದ್ರೂ ಹೋಗಿದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಕೂಟದ ಸ್ಮರಣ ಸಂಚಿಕೆಗೆ ನಿಕೋಡಿಮಸ್ ಊರಿನ ಬಗ್ಗೆ ಬರೆಯುತ್ತಿದ್ದೇನೆ. ಗುಲಾಮಗಿರಿ ಮುಗಿದ ಮೇಲೆ ಕೆಂಟಕಿಯಿಂದ ಬಂದ ಕಪ್ಪು ಜನರು 1877ರಲ್ಲಿ ಬಯಲು ಹುಲ್ಲುಗಾವಲಿನಲ್ಲಿ ಕಟ್ಟಿದ ಊರು ಇದು. ಮನೆ ಕಟ್ಟೋಣ ಅಂದರೆ ಮರವೇ ಇಲ್ಲ. ನೆಲ ಅಗೆದು ಅದರೊಳಗೇ ಸಂಸಾರ ಹೂಡಿದರು. ಮೊದಲ ಶಾಲೆ ನಡೆದದ್ದೂ ಅಂಥದ್ದೇ ನೆಲಮನೆಯಲ್ಲಿ. ಪಾಠ ಹೇಳಿದವರು ಜೆನ್ನಿ ಫ್ಲೆಚರ್, ಅವರ ಗಂಡ ಊರಿನ ಮೊದಲ ಪೋಸ್ಟ್‌ಮಾಸ್ಟರ್.

1880ರ ದಶಕದಲ್ಲಿ ಇಷ್ಟು ಚಿಕ್ಕ ಊರಿಗೆ ಎರಡು ಪತ್ರಿಕೆಗಳಿದ್ದವು! 1888ರಲ್ಲಿ ರೈಲು ಊರಿಗೆ ಬರದೆ ಸಾಲೊಮನ್ ನದಿಯ ಆಚೆ ದಡ ಹಿಡಿಯಿತು. ಅಂಗಡಿಯವರು ಗಂಟುಮೂಟೆ ಕಟ್ಟಿ ಅದರ ಹಿಂದೆ ಹೋದರು. ರೈಲು ಬಂದಿದ್ದರೆ ಊರಿನ ಕಥೆಯೇ ಬೇರೆ ಇರುತ್ತಿತ್ತು, ಅಲ್ವಾ? ಹಳೇ ಕಟ್ಟಡಗಳಲ್ಲಿ ಈಗ ಉಳಿದಿರುವುದು ಎರಡು ಚರ್ಚು, ಒಂದು ಹೋಟೆಲು, ಒಂದು ಶಾಲೆ, ಮತ್ತೆ 1939ರ ಸುಣ್ಣಕಲ್ಲಿನ ಟೌನ್‌ಶಿಪ್ ಹಾಲ್. 1996ರಿಂದ ಇದು ರಾಷ್ಟ್ರೀಯ ಐತಿಹಾಸಿಕ ತಾಣ.

ಜುಲೈ ಕೊನೆಗೆ ಊರು ಬಿಟ್ಟು ಹೋದವರ ಮನೆತನಗಳೆಲ್ಲ ಅಲ್ಲಿ ಸೇರುತ್ತವೆ. ನಮ್ಮಂಥ ಹೊರಗಿನವರು ಆಗ ಹೋದರೆ ಅವರಿಗೆ ಮುಜುಗರವಾಗುತ್ತಾ? ಸುಮ್ನೆ ಜಾತ್ರೆಗೆ ಹೋದ ಹಾಗೆ ಹೋಗಲು ಮನಸ್ಸಿಲ್ಲ. ಹಳೇ ಜಮೀನು ಹಕ್ಕುಪತ್ರ ಹುಡುಕಿ ಗೊತ್ತಿರುವವರಿದ್ದರೆ ದಾರಿ ತೋರಿಸಿ, ನನಗೆ ಜಾಸ್ತಿ ಬೇಕಾಗಿರುವುದು ಅದೇ. ನೀವೇ ತೆಗೆದ ಶಾಲೆಯ ಫೋಟೋ ಇದ್ದರೆ ಕಳಿಸಿ, ಹೆಸರು ಹಾಕಿಯೇ ಅಚ್ಚು ಮಾಡುತ್ತೇವೆ. ವಿಚಿಟಾ ಕಡೆಯಿಂದ ಕಾರಿನಲ್ಲಿ ಹೋದವರು, ಹತ್ತಿರದಲ್ಲಿ ಊಟಕ್ಕೆ ಎಲ್ಲಿ ನಿಲ್ಲಿಸಿದಿರಿ ಅಂತಲೂ ಹೇಳಿ.