ಎರಡು ಸೆನ್ಸರ್ ಬದಲಾಯಿಸಿದರೂ ಸ್ಪೀಡೋ ಮುಳ್ಳು ಸೊನ್ನೆಗೆ ಬೀಳುತ್ತಿದೆ

ಪ್ರಶ್ನೆ (ತೀರ್ಥಹಳ್ಳಿಯಿಂದ):
ನಮಸ್ಕಾರ ಸರ್. ನನ್ನದು 2014ರ ಸಣ್ಣ ಪೆಟ್ರೋಲ್ ಕಾರು. ಬೇಸ್ ಮಾಡೆಲ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. ಒಂದು ತಿಂಗಳಿಂದ ಗಾಡಿ ಓಡುತ್ತಿರುವಾಗಲೇ ಸ್ಪೀಡೋ ಮುಳ್ಳು ಸೊನ್ನೆಗೆ ಬಿದ್ದುಬಿಡುತ್ತದೆ. ಆಗ ಕಿಲೋಮೀಟರೂ ಏರುವುದಿಲ್ಲ. ಹೊಂಡಕ್ಕೆ ಇಳಿದರೆ ಒಮ್ಮೊಮ್ಮೆ ತಾನಾಗೇ ಎದ್ದು ನಿಲ್ಲುತ್ತದೆ. ನಿಲ್ಲಿಸಲು ಬ್ರೇಕ್ ಹಾಕಿದಾಗ ಎಂಜಿನ್ ಆಫ್ ಆಗುವುದೂ ಇದೆ. ಚೆಕ್ ಎಂಜಿನ್ ಲೈಟ್ ಬಂದಿದೆ, ಸ್ಕ್ಯಾನರ್‌ನಲ್ಲಿ ಪಿ0500 ಅಂತ ದೋಷದ ಕೋಡ್ ತೋರಿಸಿತು. ಗ್ಯಾರೇಜಿನವರು ಸ್ಪೀಡ್ ಸೆನ್ಸರ್ ಬದಲಾಯಿಸಿದರು. ಎರಡು ದಿನ ಸರಿ ಇತ್ತು, ಮತ್ತೆ ಅದೇ ಕಥೆ. ಇನ್ನೊಂದು ಹಾಕಿದರು, ಅದೂ ಅಷ್ಟೇ. ಈಗ ಮೀಟರ್ ಬೋರ್ಡೇ ಬದಲಾಯಿಸೋಣ ಅಂತಿದ್ದಾರೆ. ಏನು ಮಾಡಲಿ?

ಉತ್ತರ (ಆಟೋ ಎಲೆಕ್ಟ್ರಿಷಿಯನ್):
ಮೀಟರ್ ಬೋರ್ಡ್ ಸದ್ಯಕ್ಕೆ ಮುಟ್ಟಿಸಬೇಡಿ. ನನಗೆ ಎರಡು ವಿಷಯ ಹೇಳಿ. ಈ ತೊಂದರೆ ಶುರುವಾಗುವ ಮುಂಚೆ ಕಾರಿಗೆ ಏನಾದರೂ ಕೆಲಸ ಮಾಡಿಸಿದ್ರಾ? ಮತ್ತೆ, ಮುಳ್ಳು ಬಿದ್ದಾಗ ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ವೇಗ ಎಷ್ಟು ತೋರಿಸುತ್ತದೆ? ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಅವರ ಕೈಲಿ ನೋಡಿಸಿ. ಓಡಿಸುತ್ತಾ ನೀವೇ ಸ್ಕ್ಯಾನರ್ ನೋಡಬೇಡಿ.

ಪ್ರಶ್ನೆ (ತೀರ್ಥಹಳ್ಳಿಯಿಂದ):
ತಮ್ಮನನ್ನು ಕೂರಿಸಿಕೊಂಡು ನೋಡಿದೆ ಸರ್. ಮುಳ್ಳು ಬಿದ್ದಾಗ ಅಲ್ಲೂ ಸೊನ್ನೆ. ಕೆಲಸ ಅಂದರೆ ಕ್ಲಚ್ ಪ್ಲೇಟ್ ಹಾಕಿಸಿದ್ದೆ. ಅದಾಗಿ ಹತ್ತು ಹದಿನೈದು ದಿನಕ್ಕೆ ಶುರುವಾಯಿತು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ:
ಬಹಳ ಮಟ್ಟಿಗೆ ಇದೆ ಅನ್ನಿಸುತ್ತದೆ. ಎಬಿಎಸ್ ಇಲ್ಲದ ಇಂಥ ಕಾರಿನಲ್ಲಿ ವೇಗದ ಲೆಕ್ಕ ಬರುವುದು ಗೇರ್‌ಬಾಕ್ಸ್ ಮೇಲೆ ಕೂತಿರುವ ಒಂದೇ ಸೆನ್ಸರ್‌ನಿಂದ. ಕ್ಲಚ್ ಪ್ಲೇಟ್ ಹಾಕಲು ಗೇರ್‌ಬಾಕ್ಸ್ ಇಳಿಸಬೇಕು. ಅದಕ್ಕೆ ಆ ಸೆನ್ಸರ್‌ನ ಕಪ್ಲರ್ (ವೈರ್‌ಗಳನ್ನು ಸೆನ್ಸರ್‌ಗೆ ಜೋಡಿಸುವ ಪ್ಲಾಸ್ಟಿಕ್ ಪ್ಲಗ್) ಬಿಚ್ಚಬೇಕು. ಬಿಚ್ಚುವಾಗ ವೈರ್ ಹಿಡಿದು ಜಗ್ಗಿದರೆ ಒಳಗೆ ತಾಮ್ರದ ಎಳೆಗಳು ಕಿತ್ತುಹೋಗುತ್ತವೆ. ಹೊರಗಿನ ಪ್ಲಾಸ್ಟಿಕ್ ಮಾತ್ರ ಹೊಸದರ ಹಾಗೇ ಕಾಣುತ್ತದೆ.

ಹೊಸ ಸೆನ್ಸರ್ ಹಾಕಿದ ಮೇಲೆ ಎರಡು ದಿನ ಸರಿ ಇತ್ತು ಅಂದ್ರಲ್ಲ, ನನಗೆ ಅದೇ ದೊಡ್ಡ ಸುಳಿವು. ಸೆನ್ಸರ್ ಬದಲಾಯಿಸುವಾಗ ಕಪ್ಲರ್ ತೆಗೆದು ಮತ್ತೆ ಒತ್ತಿ ಕೂರಿಸಿದ್ದಾರೆ. ಗುಣ ಕಂಡಿದ್ದು ಅದರಿಂದ ಇರಬೇಕು.

ಪಿ0500 ಅಂದರೆ ಸೆನ್ಸರ್ ಸತ್ತಿದೆ ಅಂತ ಅಲ್ಲ. ವೇಗದ ಸುದ್ದಿ ತನಗೆ ಬರುತ್ತಿಲ್ಲ ಅಂತ ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೇಳುತ್ತಿದೆ, ಅಷ್ಟೇ. ದಾರಿಯಲ್ಲಿ ಎಲ್ಲಿ ತಪ್ಪಿತು ಅನ್ನುವುದನ್ನು ನಾವು ಹುಡುಕಬೇಕು. ಕೋಡ್ ನೋಡಿದ ಕೂಡಲೇ ಅಂಗಡಿಗೆ ಫೋನ್ ಮಾಡಿ ಸೆನ್ಸರ್ ತರಿಸುವುದು ನಮ್ಮ ಕಸುಬಿನಲ್ಲಿ ಜಾಸ್ತಿಯಾಗಿದೆ. ನನಗೆ ಅದು ನಿಜಕ್ಕೂ ಬೇಸರ. ಹತ್ತು ನಿಮಿಷ ಮಲ್ಟಿಮೀಟರ್ ಹಿಡಿದಿದ್ದರೆ ನಿಮ್ಮ ದುಡ್ಡು ಉಳಿಯುತ್ತಿತ್ತು.

ಮೀಟರಿನಲ್ಲೂ ಸ್ಕ್ಯಾನರ್‌ನಲ್ಲೂ ಒಟ್ಟಿಗೆ ಸೊನ್ನೆ ಬಂದರೆ ಮೊದಲು ನೋಡಬೇಕಾದ್ದು ಗೇರ್‌ಬಾಕ್ಸ್ ಕಡೆ. ಸ್ಕ್ಯಾನರ್‌ನಲ್ಲಿ ವೇಗ ಸರಿಯಾಗಿ ಬಂದು ಮುಳ್ಳು ಮಾತ್ರ ಬಿದ್ದಿದ್ದರೆ ಮೀಟರ್ ಬೋರ್ಡ್ ಮೇಲೆ ಅನುಮಾನ ಪಡಬಹುದಿತ್ತು. ಆದರೆ ಕೆಲವು ಕಾರುಗಳಲ್ಲಿ ಸಿಗ್ನಲ್ ಮೊದಲು ಮೀಟರ್‌ಗೆ ಹೋಗಿ, ಅಲ್ಲಿಂದ ಇಸಿಎಂಗೆ ಬರುತ್ತದೆ. ಅಂಥದ್ದರಲ್ಲಿ ಮೀಟರ್ ಕೆಟ್ಟರೂ ಎರಡೂ ಕಡೆ ಸೊನ್ನೆ ಬರಬಹುದು. ಅದಕ್ಕೇ ನಿಮ್ಮ ಮಾಡೆಲ್‌ನ ವೈರಿಂಗ್ ಡಯಾಗ್ರಾಂ ಎದುರಿಗೆ ಇಟ್ಟುಕೊಂಡೇ ಗ್ಯಾರೇಜಿನವರು ಕೈ ಹಾಕಲಿ.

ಕಪ್ಲರ್‌ನಲ್ಲಿ ಮೂರು ವೈರ್ ಇದ್ದರೆ ಅದು ಸಾಮಾನ್ಯವಾಗಿ ಹಾಲ್ ಸೆನ್ಸರ್, ಅಂದರೆ ಅಯಸ್ಕಾಂತದ ಏರಿಳಿತ ಓದುವ ಸೆನ್ಸರ್. ಒಂದರಲ್ಲಿ ಕರೆಂಟ್, ಒಂದು ಅರ್ಥಿಂಗ್ (ಬ್ಯಾಟರಿ ನೆಗೆಟಿವ್‌ಗೆ ಸೇರುವುದು), ಇನ್ನೊಂದು ಸಿಗ್ನಲ್. ಕಪ್ಲರ್ ಬಿಚ್ಚಿ, ಕೀ ಆನ್ ಮಾಡಲಿ, ಎಂಜಿನ್ ಸ್ಟಾರ್ಟ್ ಬೇಡ. ಮಲ್ಟಿಮೀಟರಿನ ಕಪ್ಪು ವೈರ್ ಬ್ಯಾಟರಿಯ ನೆಗೆಟಿವ್‌ಗೆ ಇಡಲಿ. ಕರೆಂಟ್ ವೈರ್‌ನಲ್ಲಿ 12 ವೋಲ್ಟ್ ಆಸುಪಾಸು ಬರಬೇಕು, ಕೆಲವು ಮಾಡೆಲ್‌ಗಳಲ್ಲಿ 5. ಸಿಗ್ನಲ್ ವೈರ್‌ನಲ್ಲೂ ಸಾಮಾನ್ಯವಾಗಿ 5 ಅಥವಾ 12ರ ಹತ್ತಿರ ಇರುತ್ತದೆ. ಸೆನ್ಸರ್ ಕಳಚಿದ್ದರೂ ಅದು ಇರಬೇಕು, ಯಾಕಂದರೆ ಆ ವೋಲ್ಟೇಜ್ ಕಳಿಸುವುದು ಇಸಿಎಂ ಅಥವಾ ಮೀಟರ್ ಬೋರ್ಡ್. ಸೆನ್ಸರ್ ಅದನ್ನು ಪದೇ ಪದೇ ಅರ್ಥಿಂಗ್‌ಗೆ ಎಳೆದು ಬಿಡುತ್ತದೆ, ಆ ಏರಿಳಿತವೇ ವೇಗದ ಲೆಕ್ಕ. ಅಲ್ಲಿ ಏನೂ ಇಲ್ಲ ಅಂದರೆ ಸೆನ್ಸರ್ ತಪ್ಪಲ್ಲ, ಮಧ್ಯೆ ವೈರ್ ತುಂಡಾಗಿರಬಹುದು. ಮಲೆನಾಡಿನಲ್ಲಿ ಇಲಿ ಕಡಿದಿರುವುದೂ ಉಂಟು, ಬ್ಯಾಟರಿ ತಟ್ಟೆಯ ಕೆಳಗೆ ಟಾರ್ಚ್ ಬಿಟ್ಟು ನೋಡಿ.

ಅರ್ಥಿಂಗ್ ವಿಷಯದಲ್ಲಿ ಅನುಭವ ಇದ್ದವರೂ ಮೋಸ ಹೋಗುತ್ತಾರೆ. ಮಲ್ಟಿಮೀಟರ್ ಬೀಪ್ ಅಂದಿತು, ವೈರ್ ಸರಿ ಇದೆ ಅಂತ ಮುಂದೆ ಹೋಗುತ್ತಾರೆ. ಒಂದೇ ಒಂದು ಎಳೆ ಉಳಿದಿದ್ದರೂ ಬೀಪ್ ಬರುತ್ತದೆ, ಅಲ್ವಾ? ಹಾಗಾಗಿ ಕಪ್ಲರ್ ಮತ್ತೆ ಹಾಕಿ, ಹಿಂಬದಿಯಿಂದ ತೆಳು ಪಿನ್ ತೂರಿಸಿ, ಅರ್ಥಿಂಗ್ ವೈರ್‌ಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ವೋಲ್ಟೇಜ್ ನೋಡಬೇಕು. 0.1 ವೋಲ್ಟ್ ಒಳಗೆ ಇರಬೇಕು. ನೋಡುತ್ತಿರುವಾಗಲೇ ವೈರ್ ಮೆಲ್ಲಗೆ ಅಲ್ಲಾಡಿಸಲಿ. ಅಂಕಿ ಜಿಗಿದರೆ ರೋಗ ಸಿಕ್ಕಿತು. ಮುಂದಿನಿಂದ ದಪ್ಪ ಪ್ರೋಬ್ ತುರುಕಬಾರದು. ಟರ್ಮಿನಲ್ ಅಗಲವಾಗಿ, ಇಲ್ಲದ ತೊಂದರೆ ಹುಟ್ಟುತ್ತದೆ.

ಇದೆಲ್ಲ ಸರಿ ಇದ್ದರೆ ಮಾತ್ರ ಸೆನ್ಸರ್ ಪರೀಕ್ಷೆ. ಹಿಂದಿನ ಚಕ್ರಕ್ಕೆ ಅಡ್ಡ ಇಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಮುಂದಿನ ಒಂದು ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಲಿ. ಬರೀ ಜಾಕಿ ನಂಬಬೇಡಿ. ಗೇರ್ ನ್ಯೂಟ್ರಲ್, ಕೀ ಆನ್. ಚಕ್ರ ನಿಧಾನ ತಿರುಗಿಸಿದಾಗ ಸಿಗ್ನಲ್ ವೈರ್‌ನಲ್ಲಿ ವೋಲ್ಟೇಜ್ ಏರಿ ಇಳಿದು ಆಗಬೇಕು. ಏರಿಳಿತ ಇಲ್ಲದಿದ್ದರೆ ಸೆನ್ಸರ್ ಹೊರಗೆ ತೆಗೆದು, ತುದಿಯಲ್ಲಿ ಪ್ಲಾಸ್ಟಿಕ್ ಗೇರ್ ಇದ್ದರೆ ಹಲ್ಲು ಸವೆದಿದೆಯಾ ನೋಡಲಿ. ಆಮೇಲೆ ಹೊಸದರ ಮಾತು.

ಎಂಜಿನ್ ಆಫ್ ಆಗುವುದೂ ಇದರಿಂದಲೇ ಇರಬಹುದು. ಗಾಡಿ ಓಡುತ್ತಿದೆಯೋ ನಿಂತಿದೆಯೋ ಗೊತ್ತಾಗದಿದ್ದರೆ ಇಸಿಎಂನ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ಓಡುವ ವೇಗ) ಲೆಕ್ಕ ತಪ್ಪುತ್ತದೆ. ಘಾಟಿ ರಸ್ತೆಯಲ್ಲಿ ಸ್ವಲ್ಪ ದಿನ ಓಡಿಸಬೇಡಿ. ಎಂಜಿನ್ ನಿಂತರೆ ಬ್ರೇಕ್ ಪೆಡಲ್ ಗಟ್ಟಿಯಾಗುತ್ತದೆ, ಒತ್ತಲು ಜಾಸ್ತಿ ಬಲ ಬೇಕಾಗುತ್ತದೆ.

ಪ್ರಶ್ನೆ (ಮಲ್ಪೆಯಿಂದ):
ನನ್ನದೂ ಇಂಥದ್ದೇ ಸರ್. ಆದರೆ 2020ರ ಕಾರು, ಎಬಿಎಸ್ ಇದೆ. ಎಡಗಡೆ ಮುಂದಿನ ಚಕ್ರದ ಬೇರಿಂಗ್ ಬದಲಾಯಿಸಿದ ದಿನದಿಂದ ಎಬಿಎಸ್ ಲೈಟ್ ಆರುತ್ತಿಲ್ಲ. ನಾನೂ ಗೇರ್‌ಬಾಕ್ಸ್ ಸೆನ್ಸರ್ ನೋಡಿಸಬೇಕಾ?

ಉತ್ತರ:
ಬೇಡ. ಎಬಿಎಸ್ ಇರುವ ಬಹುಪಾಲು ಹೊಸ ಕಾರುಗಳಲ್ಲಿ ಗೇರ್‌ಬಾಕ್ಸ್ ಮೇಲೆ ಬೇರೆ ಸೆನ್ಸರ್ ಇರುವುದೇ ಇಲ್ಲ. ನಾಲ್ಕು ಚಕ್ರದ ಸೆನ್ಸರ್‌ಗಳಿಂದಲೇ ವೇಗದ ಲೆಕ್ಕ ಬರುತ್ತದೆ. ಎಬಿಎಸ್ ಓದಬಲ್ಲ ಸ್ಕ್ಯಾನರ್ ಹಾಕಿಸಿ, 20-30ರ ವೇಗದಲ್ಲಿ ನಾಲ್ಕೂ ಚಕ್ರದ ಅಂಕಿ ಪಕ್ಕಪಕ್ಕ ನೋಡಿಸಿ. ಎಡ ಮುಂದಿನದು ಮಾತ್ರ ಸೊನ್ನೆ ಬಂದರೆ ನನಗೆ ಬೇರಿಂಗ್ ಮೇಲೇ ಅನುಮಾನ. ಈಗಿನ ಬಹಳಷ್ಟು ಬೇರಿಂಗ್‌ಗಳ ಒಂದು ಬದಿಯ ಸೀಲ್‌ನಲ್ಲಿ ಅಯಸ್ಕಾಂತದ ಉಂಗುರ ಇರುತ್ತದೆ. ಸೆನ್ಸರ್ ಓದುವುದು ಅದನ್ನೇ. ಆ ಬದಿ ಸೆನ್ಸರ್ ಕಡೆಗೇ ಬರಬೇಕು. ತಿರುವುಮುರುವಾಗಿ ಒತ್ತಿ ಕೂರಿಸಿದರೆ ಚಕ್ರ ಚೆನ್ನಾಗೇ ತಿರುಗುತ್ತದೆ, ಸೆನ್ಸರ್‌ಗೆ ಮಾತ್ರ ಏನೂ ಕಾಣುವುದಿಲ್ಲ. ಒತ್ತುವ ಮುಂಚೆ ಪೇಪರ್ ಕ್ಲಿಪ್ ತಾಗಿಸಿದರೆ ಯಾವ ಬದಿ ಅಂತ ಗೊತ್ತಾಗುತ್ತದೆ. ಈಗ ಬಿಚ್ಚಿದರೆ ಬೇರಿಂಗ್ ಸಾಮಾನ್ಯವಾಗಿ ಹಾಳಾಗುತ್ತದೆ, ಹೊಸದೇ ಬೇಕಾಗಬಹುದು.

ಬಿಚ್ಚುವ ಮುಂಚೆ ಸೆನ್ಸರ್ ಕೂರುವ ತೂತಿನಲ್ಲಿ ತುಕ್ಕು ಉಬ್ಬಿದೆಯಾ ನೋಡಿಸಿ. ಕಡಲ ತೀರದ ಕಾರುಗಳಲ್ಲಿ ತುಕ್ಕು ಸೆನ್ಸರನ್ನು ಮೇಲಕ್ಕೆ ತಳ್ಳಿ ಅಂತರ ಜಾಸ್ತಿ ಮಾಡುತ್ತದೆ. ಈ ಎರಡು ವೈರಿನ ಸೆನ್ಸರ್‌ಗೆ ಓಮ್ (ರೆಸಿಸ್ಟೆನ್ಸ್) ಪರೀಕ್ಷೆ ಬೇಡ. ಒಳಗೆ ಎಲೆಕ್ಟ್ರಾನಿಕ್ಸ್ ಇದೆ, ಓಮ್ ನೋಡಿದರೆ ಏನೂ ತಿಳಿಯುವುದಿಲ್ಲ.

ಪ್ರಶ್ನೆ (ದಾವಣಗೆರೆಯಿಂದ):
ಮೀಟರ್‌ನಲ್ಲಿ 85, ಫೋನಿನ ಜಿಪಿಎಸ್‌ನಲ್ಲಿ 80. ಸೆನ್ಸರ್ ಹೋಯ್ತಾ ಸರ್?

ಉತ್ತರ:
ಇಲ್ಲ. ಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸಬಾರದು ಅನ್ನುವುದು ನಿಯಮ, ಅದಕ್ಕೇ ಸ್ವಲ್ಪ ಹೆಚ್ಚೇ ತೋರಿಸುವ ಹಾಗೆ ಮಾಡಿರುತ್ತಾರೆ. ಮೀಟರ್ ಕಡಿಮೆ ತೋರಿಸಿದರೆ ಟೈರ್ ಅಳತೆ ಬದಲಾಗಿದೆಯಾ ನೋಡಿ.

ಪ್ರಶ್ನೆ (ತೀರ್ಥಹಳ್ಳಿಯಿಂದ):
ಸರ್, ಸಿಕ್ಕಿತು! ಅರ್ಥಿಂಗ್ ವೈರ್ ಅಲ್ಲಾಡಿಸಿದಾಗ 0.02 ಇದ್ದದ್ದು ಒಂದೇ ಸಲ 9ಕ್ಕೆ ಜಿಗಿಯಿತು. ಬಿಚ್ಚಿ ನೋಡಿದರೆ ಟರ್ಮಿನಲ್ ಹತ್ತಿರ ಎರಡು ಎಳೆ ಮಾತ್ರ ಅಂಟಿಕೊಂಡಿತ್ತು. ಹೊಸ ಟರ್ಮಿನಲ್ ಹಾಕಿಸಿ ವಾರ ಆಯಿತು. ಊರೊಳಗೆ ನಾಲ್ಕು ದಿನ ಓಡಿಸಿ ನೋಡಿ, ಆಮೇಲೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿ ಬಂದೆ. ಮುಳ್ಳು ಅಲುಗಲಿಲ್ಲ, ಎಂಜಿನ್ನೂ ನಿಲ್ಲಲಿಲ್ಲ.

ಉತ್ತರ:
ಬಹಳ ಸಂತೋಷ ಆಯಿತು. ಕೋಡ್ ಅಳಿಸಿ, ಮತ್ತೆ ಬರುತ್ತದಾ ಅಂತ ಒಂದೆರಡು ವಾರ ಗಮನಿಸಿ. ವೈರ್‌ಗೆ ಸ್ವಲ್ಪ ಸಡಿಲ ಬಿಟ್ಟು ಕಟ್ಟಿಸಿ. ಎಂಜಿನ್ ಅಲುಗಾಡಿದಾಗ ಬಿಗಿ ಬೀಳಬಾರದು. ಒಂದು ತಿಂಗಳು ಮೀಟರ್ ಸರಿಯಾಗಿ ಏರಿಲ್ಲ, ಹಾಗಾಗಿ ಈ ಸಲ ಎಂಜಿನ್ ಆಯಿಲ್ ಕಿಲೋಮೀಟರ್ ನೋಡಿ ಅಲ್ಲ, ತಾರೀಖು ನೋಡಿ ಬದಲಾಯಿಸಿ. ಸರ್ವಿಸ್ ಪುಸ್ತಕದಲ್ಲೂ ಇದನ್ನು ಬರೆದಿಡಿ. ನಾಳೆ ಕಾರು ಕೊಳ್ಳುವವರಿಗೆ ಅದು ತಿಳಿಯಬೇಕು. ಮೊದಲು ತೆಗೆದಿಟ್ಟ ಹಳೆಯ ಸೆನ್ಸರ್ ಗ್ಯಾರೇಜಿನಲ್ಲೇ ಇದ್ದರೆ ಕೇಳಿ ತಂದುಕೊಳ್ಳಿ. ಅದು ಚೆನ್ನಾಗೇ ಇರಬೇಕು.