ಕೈಲ್‌ಪೊಳ್ದ್‌ಗೆ ಕಡಂಬುಟ್ಟು: ಬಿರುಕು ಬಿಡುವುದೇಕೆ?

ಪ್ರಶ್ನೆ: ಕೊಡವರ ಕೈಲ್‌ಪೊಳ್ದ್ ಹಬ್ಬಕ್ಕೆ ಕಡಂಬುಟ್ಟು (ಹಬೆಯಲ್ಲಿ ಬೇಯಿಸುವ ಅಕ್ಕಿತರಿ ಉಂಡೆ) ಮಾಡುವಾಗ 1 ಲೋಟ ಅಕ್ಕಿತರಿಗೆ 2 ಲೋಟ ನೀರು ಹಾಕುತ್ತೇನೆ. ಬೆಂದ ಉಂಡೆ ಬಿರುಕು ಬಿಡುತ್ತದೆ, ಒಳಗೆ ಗಟ್ಟಿ. ಏನು ಮಾಡಲಿ?

ಉತ್ತರ: ನೀರು ಸಾಲದು ಅಕ್ಕ. 2½ ಲೋಟ ಬೇಕು. ಹಳೆ ಅಕ್ಕಿಯಾದರೆ ಇನ್ನೂ ತುಸು. ಉಪ್ಪು, ಏಲಕ್ಕಿ ಹಾಕಿದ ನೀರು ಕುದಿ ಬಂದ ಮೇಲೆ ತರಿ ಸುರಿದು, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇಂಗಿಸಿ. ಮುಚ್ಚಿ 10 ನಿಮಿಷ ಬಿಡಿ. ಕೈ ತಡೆಯುವಷ್ಟು ಬಿಸಿಯಿರುವಾಗಲೇ ಚೆನ್ನಾಗಿ ನಾದಬೇಕು. ಆರಿದರೆ ತರಿ ಕೂಡಿಕೊಳ್ಳುವುದಿಲ್ಲ, ಬಿರುಕು ಶುರುವಾಗುವುದೇ ಅಲ್ಲಿ. ಅಂಗೈ ಒದ್ದೆ ಮಾಡಿಕೊಂಡು ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿ.

ಇನ್ನೊಂದು ಉತ್ತರ: ತರಿಯನ್ನೂ ನೋಡಿ. ಹಿಟ್ಟನ್ನು ಜರಡಿ ಹಿಡಿದು ತೆಗೆಯದಿದ್ದರೆ ಉಂಡೆ ಅಂಟಂಟು. ಪಾತ್ರೆಯಲ್ಲಿ ಹಬೆ ಬಂದ ಮೇಲೆಯೇ ಇಟ್ಟು 25 ನಿಮಿಷ ಬೇಯಿಸಿ. ಜೊತೆಗಿನ ಪಂದಿಕರಿಗೆ (ಹಂದಿಮಾಂಸದ ಪಲ್ಯ) ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕುವುದು ಕೊನೆಯಲ್ಲಿ, ಮಾಂಸ ಮೆತ್ತಗಾದ ಮೇಲೆ.