ಮಾರ್ಟಿನ್ ಹಕ್ಕಿಮನೆಯ ತಗಡು ಬಾಗಿಲು: ಗುಂಡಗಿನ ತೂತನ್ನು ಅರ್ಧಚಂದ್ರಕ್ಕೆ ಬದಲಾಯಿಸುವುದು ಹೇಗೆ?

ತಗಡುಮನೆ:

ಪರ್ಪಲ್ ಮಾರ್ಟಿನ್ ಎಂಬ ಅಮೆರಿಕದ ವಲಸೆ ಹಕ್ಕಿಗಳು ಗೂಡು ಕಟ್ಟುವ 12 ಕೋಣೆಯ ಅಲ್ಯುಮಿನಿಯಂ ಮನೆ. ಎರಡು ಅಂತಸ್ತು, ಒಂದೊಂದರಲ್ಲಿ ಮುಂದೆ ಮೂರು, ಹಿಂದೆ ಮೂರು ಕೋಣೆ. ಪ್ರತಿ ಕೋಣೆ 6 ಇಂಚು ಅಗಲ, 6 ಇಂಚು ಆಳ, 6 ಇಂಚು ಎತ್ತರ. ಬಾಗಿಲು ಕಳಚಿ ಬರುತ್ತದೆ, ತಗಡಿನ ದಪ್ಪ 0.8 ಮಿ.ಮೀ. ತೂತು ಹಳೇ ಕಾಲದ 2-1/8 ಇಂಚಿನ ಗುಂಡು ತೂತು. ಅದರ ಕೆಳಗಿನ ಅಂಚು ಬಾಗಿಲ ಮುಂದೆ ಹಕ್ಕಿ ಕೂರುವ ಜಗಲಿಯಿಂದ ಒಂದೂಕಾಲು ಇಂಚು ಮೇಲಿದೆ.

ತೊಂದರೆ ಎಲ್ಲರಿಗೂ ಗೊತ್ತಿರುವುದೇ, ಮಾರ್ಟಿನ್‌ಗಳ ಕೋಣೆಗೆ ನುಗ್ಗುವ ಸ್ಟಾರ್ಲಿಂಗ್ ಹಕ್ಕಿ. ಹಾಗಾಗಿ ಬಾಗಿಲುಗಳನ್ನು 3 ಇಂಚು ಅಗಲ, 1-3/16 ಇಂಚು ಎತ್ತರದ ಅರ್ಧಚಂದ್ರ ಬಾಯಿಗೆ ಬದಲಾಯಿಸಬೇಕು. ಮೂರು ವಿಷಯ ತಿಳಿಯಬೇಕಾಗಿದೆ. ಗುಂಡು ತೂತಿನ ಮೇಲೆ ಹೊಸ ಪಟ್ಟಿ ಹೊಡೆದರೆ ಸಾಕೋ, ಬಾಗಿಲನ್ನೇ ಕೊಯ್ಯಬೇಕೋ? ಎತ್ತರದ ಅಳತೆ ಒಂದು ಮಿಲಿಮೀಟರ್ ಆಚೀಚೆ ಆದರೆ ನಡೆಯುತ್ತದೆಯೇ? ತೆಳು ತಗಡಿನ ಬಾಯಲ್ಲಿ ಹಕ್ಕಿಯ ರೆಕ್ಕೆ ಸಿಕ್ಕಿಕೊಳ್ಳುವುದನ್ನು ತಪ್ಪಿಸುವುದು ಹೇಗೆ?

ಅರ_ಅಳತೆ:

ಮೊದಲು ಎರಡನೇ ಪ್ರಶ್ನೆ. ಉಳಿದ ಕೆಲಸವೆಲ್ಲ ಅದರ ಮೇಲೆಯೇ ನಿಂತಿದೆ. ಒಂದು ಮಿಲಿಮೀಟರ್ ಆಚೀಚೆ ಆದರೆ ನಡೆಯುವುದಿಲ್ಲ. 1-3/16 ಇಂಚು ಎಂದರೆ 30 ಮಿ.ಮೀ.ಗಿಂತ ಕೂದಲೆಳೆ ಹೆಚ್ಚು. ಅದು ಒಂದೂಕಾಲು ಇಂಚು, ಅಂದರೆ 31.75 ಮಿ.ಮೀ. ಆಯಿತೆಂದರೆ ಸ್ಟಾರ್ಲಿಂಗ್ ನುಗ್ಗುತ್ತದೆ. 28.5ಕ್ಕಿಂತ ಇಳಿದರೆ ದೊಡ್ಡ ಮಾರ್ಟಿನ್‌ಗಳೇ ಒದ್ದಾಡುತ್ತವೆ. ಕೆಲಸ ಶುರು ಮಾಡುವ ಮೊದಲು ಎರಡು ಮರದ ತುಂಡು ಮಾಡಿಟ್ಟುಕೊಳ್ಳಿ. ಒಂದು ಸರಿಯಾಗಿ 30 ಮಿ.ಮೀ., ಇನ್ನೊಂದು 31. ಮೊದಲನೆಯದು ಬಾಯಲ್ಲಿ ಸಲೀಸಾಗಿ ಹೋಗಬೇಕು, ಎರಡನೆಯದು ಹೋಗಬಾರದು. ಪ್ರತಿ ಬಾಗಿಲಿಗೂ, ಮನೆಗೆ ಕೂರಿಸಿದ ಮೇಲೆ ಮತ್ತೊಮ್ಮೆ, ಈ ಪರೀಕ್ಷೆ ಆಗಲೇಬೇಕು.

ಎತ್ತರದಷ್ಟೇ ಮುಖ್ಯವಾದ ಇನ್ನೊಂದು ಅಳತೆಯನ್ನು ತುಂಬಾ ಜನ ಮರೆಯುತ್ತಾರೆ. ಬಾಯಿಯ ಕೆಳಗಿನ ಅಂಚು ಜಗಲಿಯಿಂದ ಅರ್ಧ ಇಂಚಿಗಿಂತ ಮೇಲಿರಬಾರದು. ಮಾರ್ಟಿನ್‌ಗೆ ಕಾಲು ಗಿಡ್ಡ, ಹೊಟ್ಟೆ ಹೊಸೆದುಕೊಂಡು ಒಳಗೆ ತೆವಳುತ್ತದೆ. ಸ್ಟಾರ್ಲಿಂಗ್‌ಗೆ ಕಾಲು ಉದ್ದ, ಎದೆ ದಪ್ಪ. ನೆಲಕ್ಕೆ ಅಂಟಿದಂತಿರುವ ಬಾಯಲ್ಲಿ ಅದಕ್ಕೆ ಕಾಲೂರಿ ಒತ್ತಲು ಜಾಗವೇ ಸಿಗುವುದಿಲ್ಲ. ಅದೇ ಬಾಯಿಯನ್ನು ಒಂದೂವರೆ ಇಂಚು ಮೇಲಕ್ಕೆ ಏರಿಸಿ ನೋಡಿ, ನಿಂತು, ಓರೆಯಾಗಿ, ಭುಜ ಒಂದೊಂದಾಗಿ ತೂರಿಸಿ ಒಳಗೆ ಹೋಗುತ್ತದೆ. ಹಾಗಾಗಿ ನಿಮ್ಮ ಗುಂಡು ತೂತಿನ ಮೇಲೆ ಸುಮ್ಮನೆ ಪಟ್ಟಿ ಹೊಡೆದರೆ ಪ್ರಯೋಜನವಿಲ್ಲ. ತೂತು ಇರುವ ಮಟ್ಟವೇ ತಪ್ಪು. ಬಾಗಿಲನ್ನು ಕೊಯ್ಯಬೇಕು.

ಮಾಡುವ ಕ್ರಮ ಹೀಗೆ. ಬಾಗಿಲಲ್ಲಿ 80 ಮಿ.ಮೀ. ಅಗಲದ ಚೌಕ ಕಿಂಡಿ ಕತ್ತರಿಸಿ. ಕೆಳಗೆ ಜಗಲಿಯಿಂದ 10 ಮಿ.ಮೀ. ಬಿಟ್ಟು ಶುರು, ಮೇಲೆ ಹಳೇ ತೂತಿನ ತಲೆಯವರೆಗೆ. ಹಳೇ ತೂತು ಈ ಕಿಂಡಿಯಲ್ಲೇ ಸೇರಿಹೋಗುತ್ತದೆ. ತೆಳು ತಗಡನ್ನು ಬರಿಗೈಯಲ್ಲಿ ಹಿಡಿದು ಜಿಗ್‌ಸಾ ಹಾಕಿದರೆ ಅದರುತ್ತದೆ, ಹರಿಯುತ್ತದೆ. ಎರಡು ಪ್ಲೈವುಡ್ ತುಂಡಿನ ನಡುವೆ ಇಟ್ಟು ಕ್ಲಾಂಪ್ ಬಿಗಿದು, ಸಣ್ಣ ಹಲ್ಲಿನ ಬ್ಲೇಡಿಗೆ ಮೇಣದಬತ್ತಿ ಸವರಿ, ನಿಧಾನ ವೇಗದಲ್ಲಿ ಕೊಯ್ಯಿರಿ. ಮೇಣ ಇಲ್ಲದಿದ್ದರೆ ಅಲ್ಯುಮಿನಿಯಂ ಬ್ಲೇಡಿನ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಬ್ಲೇಡು ಕೊಯ್ಯುವುದಿಲ್ಲ, ಉಜ್ಜುತ್ತದೆ.

ಕಿಂಡಿಯ ಒಳಮೈಗೆ 6 ಮಿ.ಮೀ. ದಪ್ಪದ ಪಿವಿಸಿ ಹಲಗೆ ಬರಬೇಕು, 102 ಮಿ.ಮೀ. ಅಗಲ. ಕಮಾನು ಬರುವುದು ಈ ಹಲಗೆಯಲ್ಲಿ. ಅದಕ್ಕೆ 3 ಇಂಚಿನ ಹೋಲ್ ಸಾ (ಡ್ರಿಲ್ಲಿಗೆ ಹಾಕುವ ಗುಂಡಗಿನ ಗರಗಸ) ಸಾಕು. ಹಲಗೆಯಲ್ಲಿ ಪೂರ್ತಿ ವೃತ್ತ ಕೊರೆದು, ವೃತ್ತದ ತಲೆಯಿಂದ 30.2 ಮಿ.ಮೀ. ಕೆಳಗೆ ಅಡ್ಡಗೆರೆ ಎಳೆದು, ಆ ಗೆರೆಗೆ ಸರಿಯಾಗಿ ಹಲಗೆಯನ್ನು ಕೊಯ್ದು ಕೆಳಭಾಗ ಎಸೆಯಿರಿ. ಉಳಿಯುವ ಕಮಾನಿನ ಬುಡದ ಅಗಲ 74.5 ಮಿ.ಮೀ. ಬರುತ್ತದೆ. 3 ಇಂಚಿಗೆ ಸುಮಾರು 1.7 ಮಿಲಿಮೀಟರ್ ಕಮ್ಮಿ, ಅಗಲದಲ್ಲಿ ಅಷ್ಟು ವ್ಯತ್ಯಾಸದಿಂದ ತೊಂದರೆಯಿಲ್ಲ.

ಇನ್ನು ಹೊಸ್ತಿಲು. ಅರ್ಧ ಇಂಚಿನ ಅಲ್ಯುಮಿನಿಯಂ ಎಲ್ ಪಟ್ಟಿ, 102 ಮಿ.ಮೀ. ಉದ್ದ. ಒಂದು ಮುಖ ಬಾಗಿಲಿನ ಹೊರಮೈಗೆ ಅಂಟಿರಲಿ, ಚಪ್ಪಟೆ ಮುಖ ಮೇಲೆ ಬಂದು ಜಗಲಿಯ ಕಡೆ ಚಾಚಲಿ. ಆಗ ಹಕ್ಕಿ ಹೊಟ್ಟೆ ಉಜ್ಜುವ ಜಾಗದಲ್ಲಿ ಬ್ಲೇಡಿನಂಥ ಅಂಚು ಇರುವುದಿಲ್ಲ. ಎರಡು ತುದಿಯಲ್ಲೂ ಗುಂಡು ರಂಧ್ರದ ಬದಲು ಮೇಲೆಕೆಳಗೆ ಉದ್ದವಾದ ರಂಧ್ರ ಕೊರೆಯಿರಿ. ಆಗ ಹೊಸ್ತಿಲನ್ನು ಎರಡು ಮೂರು ಮಿಲಿಮೀಟರ್ ಸರಿಸಿ, ಮರದ ತುಂಡು ಹಾಕಿ ನೋಡಿ, ಅಳತೆ ಕೂತ ಮೇಲೆ ಬಿಗಿಯಬಹುದು.

ಹೊಸ್ತಿಲು ಬಾಗಿಲಿಗೇ ಸೇರಿರುವುದರಿಂದ ಇನ್ನೊಂದು ಅನುಕೂಲವಿದೆ. ತಗಡು ಮನೆಯ ಬಾಗಿಲುಗಳು ಚೌಕಟ್ಟಿನಲ್ಲಿ ಒಂದೆರಡು ಮಿಲಿಮೀಟರ್ ಕುಣಿಯುತ್ತವೆ. ಜಗಲಿಯ ನೆಲವನ್ನೇ ಹೊಸ್ತಿಲೆಂದು ನಂಬಿದರೆ ಬಾಗಿಲು ಮೇಲೆದ್ದಾಗ ಬಾಯಿ ದೊಡ್ಡದಾಗುತ್ತದೆ. ಕಮಾನು ಮತ್ತು ಹೊಸ್ತಿಲು ಒಂದೇ ಬಾಗಿಲಲ್ಲಿದ್ದರೆ ಬಾಗಿಲು ಎಷ್ಟು ಕುಣಿದರೂ ನಡುವಿನ ಅಂತರ ಬದಲಾಗುವುದಿಲ್ಲ.

ಬಿಗಿಯಲು ಸ್ಟೇನ್‌ಲೆಸ್ ಸ್ಕ್ರೂ, ಉರುಟು ತಲೆ ಒಳಗೆ, ಟೋಪಿ ನಟ್ ಹೊರಗೆ. ಸ್ಕ್ರೂವಿನ ಚೂಪು ತುದಿ ಯಾವ ಕಡೆಯೂ ಕಾಣಬಾರದು. ಕಬ್ಬಿಣದ ಸ್ಕ್ರೂ ಬೇಡ, ಅಲ್ಯುಮಿನಿಯಂ ಜೊತೆ ಸೇರಿ ಮಳೆಗೆ ತಿಂದುಹೋಗುತ್ತದೆ. ಬರೀ ತಗಡಿಗೆ ತಗಡು ಸೇರಿಸುವ ಕಡೆ 1/8 ಇಂಚಿನ ಅಲ್ಯುಮಿನಿಯಂ ಪಾಪ್ ರಿವೆಟ್ ಆಗುತ್ತದೆ, 3.3 ಮಿ.ಮೀ. ಬಿಟ್ ಹಾಕಿ.

ಸಂಜೆಹಾರಾಟ:

ಮೇಲಿನ ವಿಧಾನ ಸರಿಯಾಗಿದೆ. ಪಿವಿಸಿ ಯಾಕೆ ಬೇಕು ಎಂಬುದನ್ನು ನಾನು ಸ್ವಲ್ಪ ವಿವರಿಸುತ್ತೇನೆ, ಮೂರನೇ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ರೆಕ್ಕೆ ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಜಗಳದಲ್ಲಿ. ಒಳಗಿನ ಹಕ್ಕಿ ತಲೆ, ಭುಜ ಹೊರಗೆ ಹಾಕಿ ಜಗಲಿಯ ಮೇಲಿರುವ ಹಕ್ಕಿಯನ್ನು ಎದುರಿಸುತ್ತದೆ. ಆ ಭರದಲ್ಲಿ ರೆಕ್ಕೆಯ ಮಣಿಕಟ್ಟು ಹೊರಗೆ ಚಿಮ್ಮಿ ತೆರೆದುಕೊಳ್ಳುತ್ತದೆ. ಹಿಂದಕ್ಕೆ ಸರಿಯಲು ನೋಡಿದರೆ ಮಣಿಕಟ್ಟು ತಗಡಿನ ಅಂಚಿಗೆ ಕೊಕ್ಕೆಯಂತೆ ಬೀಳುತ್ತದೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಯಾರೂ ನೋಡದಿದ್ದರೆ ಬಿಸಿಲಲ್ಲಿ ಅಲ್ಲೇ ಸಾಯುತ್ತದೆ. ಬಾಯಿ ದಪ್ಪವಾದಷ್ಟೂ, ಅಂದರೆ ಸಣ್ಣ ಸುರಂಗದಂತಿದ್ದಷ್ಟೂ, ರೆಕ್ಕೆ ಮೈಗೆ ಒತ್ತಿಕೊಂಡೇ ಇರುತ್ತದೆ. 0.8 ಮಿ.ಮೀ. ತಗಡಲ್ಲಿ ಆ ಆಸರೆ ಇಲ್ಲ. 6 ಮಿ.ಮೀ. ಹಲಗೆಯಿಂದ ಸುಧಾರಿಸುತ್ತದೆ, ಆದರೆ ಹಕ್ಕಿಗಳು ಕಿಕ್ಕಿರಿದ ಮನೆಗೆ ಅಷ್ಟೇ ಸಾಲದು. ಅಂಥ ಕಡೆ ಒಳಗೊಂದು ಹಲಗೆ, ಹೊರಗೊಂದು ಹಲಗೆ ಹಾಕಿ, ಎರಡರ ಕಮಾನೂ ಒಂದೇ ಸಾಲಿನಲ್ಲಿರಲಿ. ಹೊಸ್ತಿಲಿನ ಎಲ್ ಪಟ್ಟಿಯನ್ನು ಆಗ ಹೊರಹಲಗೆಯ ಮೇಲೆ ಬಿಗಿಯಬೇಕು.

ಕಿಂಡಿಯ ತಗಡಿನ ಅಂಚು ಕಮಾನಿಗಿಂತ ಎಲ್ಲ ಕಡೆ ಎರಡು ಮಿಲಿಮೀಟರ್ ಹಿಂದೆಯೇ ಇರಲಿ. ಹಕ್ಕಿಯ ಮೈಗೆ ಪಿವಿಸಿ ಮಾತ್ರ ತಾಗಬೇಕು. ಕಮಾನಿನ ಎರಡೂ ಅಂಚನ್ನು ಅರದಿಂದ ಉರುಟು ಮಾಡಿ, 220ರ ಮರಳು ಕಾಗದ ಉಜ್ಜಿ. ಬೆರಳ ತುದಿಗೆ ಹತ್ತಿ ಸುತ್ತಿ ಅಂಚಿನ ಸುತ್ತ ಓಡಿಸಿ ನೋಡಿ. ಹತ್ತಿಯ ಒಂದು ಎಳೆ ಎಲ್ಲಾದರೂ ಸಿಕ್ಕಿದರೂ ಅಲ್ಲಿ ಪುಕ್ಕ ಸಿಗುತ್ತದೆ. ಉಜ್ಜುವಾಗ ಅಳತೆ ಬೆಳೆಯುತ್ತದೆ, ಆದ್ದರಿಂದ 31ರ ತುಂಡನ್ನು ಉಜ್ಜಿದ ಮೇಲೆ ಇನ್ನೊಮ್ಮೆ ಹಾಕಿ ನೋಡಿ.

ಸಿಕ್ಕಿಕೊಂಡ ಹಕ್ಕಿ ಕಂಡರೆ ಹೊರಗೆ ಎಳೆಯಬೇಡಿ. ಮನೆ ಕೆಳಗಿಳಿಸಿ, ರೆಕ್ಕೆಯನ್ನು ಮೆಲ್ಲಗೆ ಮೈಗೆ ಮಡಚಿ, ಹಕ್ಕಿಯನ್ನು ಒಳಕ್ಕೆ ತಳ್ಳಿ. ಒಮ್ಮೆ ಹೀಗಾದ ಬಾಗಿಲನ್ನು ಹಾಗೆಯೇ ಬಿಡಬಾರದು, ಬಾಯಿಯ ದಪ್ಪ ಹೆಚ್ಚಿಸಿ.

ಜಗಲಿಯೂ ಗಮನದಲ್ಲಿರಲಿ. ನುಣುಪು ತಗಡಿನ ಮೇಲೆ ಮಾರ್ಟಿನ್‌ನ ಗಿಡ್ಡ ಕಾಲು ಜಾರುತ್ತದೆ. ತೆವಳಲು ಆಸರೆ ಸಿಗದಿದ್ದರೆ ಬಾಯಿ ಎಷ್ಟು ಚೆನ್ನಾಗಿದ್ದರೂ ಹಕ್ಕಿ ಮನೆ ಬಿಟ್ಟುಹೋಗುತ್ತದೆ. ಬಾಯಿಯ ಮುಂದೆ ಒರಟು ಪಟ್ಟಿ ಬೇಕು. ಆದರೆ ಅದರ ದಪ್ಪವೂ ಜಗಲಿಯ ಮಟ್ಟಕ್ಕೆ ಸೇರುತ್ತದೆ ಎಂಬುದು ನೆನಪಿರಲಿ.

ತಗಡುಮನೆ:

ಇಬ್ಬರಿಗೂ ಧನ್ಯವಾದ. ಹೊಸ್ತಿಲು ಸರಿಸುವ ಉಪಾಯ ಹೊಳೆದಿರಲಿಲ್ಲ. ಇನ್ನೆರಡು ಕೇಳಬೇಕು. ಮನೆಗೆ ಗುಂಡು ತೂತಿನ ಅಭ್ಯಾಸವಿರುವ ಹಕ್ಕಿಗಳು ಬರುತ್ತವೆ. ಎಲ್ಲ ಬಾಗಿಲನ್ನೂ ಒಂದೇ ಸಲ ಬದಲಾಯಿಸಬಹುದೇ? ಜೊತೆಗೆ, ಬಾಗಿಲು ಹೇಗೂ ಕಳಚುವುದರಿಂದ ಹಿಂದುಮುಂದಿನ ಕೋಣೆಗಳನ್ನೂ ಸೇರಿಸಿಬಿಡುವುದು ಒಳ್ಳೆಯದೇ?

ಕಂಬದಬುಡ:

ಒಂದೇ ಸಲ ಬೇಡ. ಬಯಲು ಕಂಬಕ್ಕೆ ಹೊಸದಾಗಿ ಮನೆ ಏರಿಸುವವರು ಮೊದಲ ದಿನದಿಂದಲೇ ಎಲ್ಲವೂ ಅರ್ಧಚಂದ್ರ ಇಟ್ಟುಕೊಳ್ಳಬಹುದು. ಆದರೆ ನಿಮ್ಮಲ್ಲಿ ಹಳೇ ಹಕ್ಕಿಗಳಿವೆ. ದಕ್ಷಿಣ ಅಮೆರಿಕದಿಂದ ದಣಿದು ಬಂದವು ತಮ್ಮದೇ ಬಾಗಿಲ ಮುಂದೆ ನಿಂತು ತಲೆ ಹಾಕಿ, ತೆಗೆದು, ಮತ್ತೆ ಹಾಕಿ, ಒಳಗೆ ಹೋಗಲಾರದೆ ಬೇರೆ ಮನೆ ಹುಡುಕಿಕೊಂಡು ಹೋಗುವುದುಂಟು. ಋತುವಿನ ಆರಂಭದಲ್ಲಿ ಒಂದಷ್ಟು ಬಾಗಿಲು ಗುಂಡಾಗಿಯೇ ಇರಲಿ. ಜೋಡಿ ಕೋಣೆಯನ್ನು ಹಿಡಿದು ಗೂಡು ಅರ್ಧಕ್ಕಿಂತ ಹೆಚ್ಚು ಕಟ್ಟಿದ ಮೇಲೆ ಆ ಬಾಗಿಲನ್ನು ಬದಲಾಯಿಸಿ. ಅಷ್ಟು ಹೊತ್ತಿಗೆ ಹಕ್ಕಿಗೆ ಆ ಕೋಣೆಯ ಮೇಲೆ ಹಟ ಬಂದಿರುತ್ತದೆ, ಹೊಸ ಬಾಯಿಯನ್ನು ಕಲಿಯುತ್ತದೆ. ಬದಲಾಯಿಸುವುದು ಬೆಳಿಗ್ಗೆ, ಒಳ್ಳೆ ಹವೆಯ ದಿನ. ಮಳೆ ಚಳಿಯ ದಿನ ಹಾರುವ ಹುಳು ಸಿಗದೆ ಹಕ್ಕಿ ಮೊದಲೇ ಸೊರಗಿರುತ್ತದೆ. ಬದಲಾಯಿಸಿದ ಮೇಲೆ ದೂರದಿಂದ ನೋಡುತ್ತಿರಿ. ಕೆಲವು ಗಂಟೆಯಲ್ಲಿ ಇಬ್ಬರೂ ಒಳಗೆ ಹೋಗಿ ಬರದಿದ್ದರೆ ಹಳೇ ಬಾಗಿಲು ವಾಪಸ್ ಹಾಕಿ. ಆದ್ದರಿಂದ ಇರುವ ಬಾಗಿಲುಗಳನ್ನೇ ಎಲ್ಲವನ್ನೂ ಕೊಯ್ಯಬೇಡಿ, ಅದೇ ಅಳತೆಯ ಹೊಸ ತಗಡಲ್ಲಿ ಇನ್ನೊಂದು ಜೊತೆ ಮಾಡಿಟ್ಟುಕೊಳ್ಳಿ.

ಗುಬ್ಬಚ್ಚಿಯ ಬಗ್ಗೆ ಯಾರೂ ಹೇಳಲಿಲ್ಲ. ಮಾರ್ಟಿನ್ ಹೋಗುವ ಯಾವ ಬಾಯಲ್ಲೂ ಗುಬ್ಬಿ ಹೋಗುತ್ತದೆ, ಅದನ್ನು ತಡೆಯುವ ತೂತು ಎಂಬುದೇ ಇಲ್ಲ. ಅದಕ್ಕೆ ವಾರಕ್ಕೊಮ್ಮೆ ಮನೆ ಇಳಿಸಿ ನೋಡುವುದೇ ದಾರಿ. ಅಮೆರಿಕದಲ್ಲಿ ಗುಬ್ಬಿ, ಸ್ಟಾರ್ಲಿಂಗ್ ಎರಡೂ ಹೊರಗಿನಿಂದ ತಂದುಬಿಟ್ಟ ಹಕ್ಕಿಗಳು. 1918ರ ವಲಸೆ ಹಕ್ಕಿಗಳ ಒಪ್ಪಂದ ಕಾಯ್ದೆಯ ರಕ್ಷಣೆ ಅವಕ್ಕಿಲ್ಲ, ಅವುಗಳ ಗೂಡು ತೆಗೆಯಬಹುದು. ಮಾರ್ಟಿನ್‌ಗೆ ಆ ರಕ್ಷಣೆ ಇದೆ. ಮನೆಗೆ ಬಂದು ಸೇರುವ ಟ್ರೀ ಸ್ವಾಲೋ, ಬ್ಲೂಬರ್ಡ್‌ಗಳಿಗೂ ಇದೆ. ಮೊಟ್ಟೆ ನೋಡಿ ಗುರುತಿಸಿ. ಮಾರ್ಟಿನ್‌ನದು ಅಚ್ಚ ಬಿಳಿ, ಸ್ಟಾರ್ಲಿಂಗ್‌ನದು ತಿಳಿ ನೀಲಿ, ಗುಬ್ಬಿಯದು ಕಂದು ಚುಕ್ಕೆಯದು. ಆದರೆ ಟ್ರೀ ಸ್ವಾಲೋ ಮೊಟ್ಟೆಯೂ ಬಿಳಿ, ಬ್ಲೂಬರ್ಡ್‌ನದೂ ನೀಲಿ. ಹಾಗಾಗಿ ಗೂಡಿನ ಹಕ್ಕಿಯನ್ನು ಕಣ್ಣಾರೆ ನೋಡದೆ ಏನನ್ನೂ ತೆಗೆಯಬೇಡಿ.

ಅರ_ಅಳತೆ:

ಕೋಣೆ ಸೇರಿಸುವುದು ಒಳ್ಳೆಯದೇ. 6 ಇಂಚು ಆಳದ ಕೋಣೆಯಲ್ಲಿ ಗೂಡು ಬಾಗಿಲಿಗೆ ಅಂಟಿಕೊಂಡಿರುತ್ತದೆ, ಮಳೆ ಒಳಗೆ ಬರುತ್ತದೆ, ಗೂಬೆಯ ಕಾಲೂ ಮುಟ್ಟುತ್ತದೆ. 12 ಇಂಚು ಆಳ ಸಿಕ್ಕರೆ ಹಕ್ಕಿ ಹಿಂದಕ್ಕೆ ಹೋಗಿ ಕಟ್ಟುತ್ತದೆ. 12 ಕೋಣೆಯ ಮನೆ 6 ಕೋಣೆಯದಾಗುತ್ತದೆ, ಅದಕ್ಕೆ ಬೇಸರ ಬೇಡ.

ನಡುಗೋಡೆ ಕಳಚುವಂತಿದ್ದರೆ ತೆಗೆದುಬಿಡಿ. ಮಾಡನ್ನು ಹೊತ್ತಿರುವ ಗೋಡೆಯಾಗಿದ್ದರೆ ಪೂರ್ತಿ ತೆಗೆಯಬಾರದು, ಅದರಲ್ಲಿ 3 ಇಂಚಿನ ತೂತು ಕೊರೆದು ಅಂಚಿಗೆ ಅದೇ ಪಿವಿಸಿ ಬಳೆ ಹಾಕಿ. ತೂತಿನ ಬುಡ ಕೋಣೆಯ ನೆಲದ ಹತ್ತಿರವಿರಲಿ, ಮರಿಗಳು ದಾಟುವಾಗ ಕಾಲು ಸಿಕ್ಕಬಾರದು. ಹಿಂಬದಿಯ ಬಾಗಿಲಿನ ತೂತಿಗೆ ತಗಡು ಬಿಲ್ಲೆಯನ್ನು ಒಳಗಿನಿಂದ ಹೊಡೆಯಿರಿ. ಆದರೆ ಬಾಗಿಲು ಕಳಚುವಂತೆಯೇ ಇರಲಿ, ಗೂಡು ಇರುವುದು ಆ ಕಡೆಯೇ, ವಾರದ ತಪಾಸಣೆ ಅಲ್ಲಿಂದಲೇ ಸುಲಭ. ಗಾಳಿಕಿಂಡಿ ಮಾತ್ರ ಮುಚ್ಚಬೇಡಿ. ಬಿಸಿಲಿಗೆ ತಗಡು ಕೋಣೆ ಬೇಗ ಕಾಯುತ್ತದೆ, ಮತ್ತು ಅರ್ಧಚಂದ್ರ ಬಾಯಿ ಕೆಳಗಿರುವುದರಿಂದ ಮೇಲೆ ಸೇರುವ ಬಿಸಿಗಾಳಿ ಅಲ್ಲಿಂದ ಹೊರಗೆ ಹೋಗುವುದಿಲ್ಲ. ಕಿಂಡಿ ಇಲ್ಲದ ಮನೆಯಾದರೆ ಮಾಡಿನ ಕೆಳಗೆ, ಪಕ್ಕದ ಗೋಡೆಯಲ್ಲಿ, ಕೋಣೆಗೆ ನಾಲ್ಕರಂತೆ 6 ಮಿ.ಮೀ. ರಂಧ್ರ ಕೊರೆಯಿರಿ.

ಒಂದು ಬಿಟ್ಟುಹೋಗಿತ್ತು. ಕೆಳಮಟ್ಟದ ಬಾಯಿಯಿಂದ ಮರಿಗಳು ಬೇಗ ಜಗಲಿಗೆ ತೆವಳಿ ಬರುತ್ತವೆ, ಹಾರಲು ನಾಲ್ಕು ವಾರ ಬೇಕು. ಕೋಣೆಯೊಳಗೆ ಎತ್ತರದ ಎರಡನೇ ನೆಲ ಹಾಕಿದರೆ ಗೂಡು ಹೊಸ್ತಿಲಿಗಿಂತ ಮೇಲಾಗಿ ಮರಿ ಉರುಳುತ್ತದೆ, ಆದ್ದರಿಂದ ಅದರ ದಪ್ಪ ಅರ್ಧ ಇಂಚು ದಾಟಬಾರದು. ಜಗಲಿಯ ಅಂಚಿಗೆ ಕಟಕಟೆಯ ಸರಳು ಇರಲಿ, ಪಕ್ಕದ ಕೋಣೆಗೆ ಮರಿ ಹೋಗದಂತೆ ನಡುವೆ ತಗಡಿನ ಅಡ್ಡಪಟ್ಟಿ ಇರಲಿ. ಒಂದೇ ಗಂಡು ಸಾಲಿನ ಎಲ್ಲ ಬಾಗಿಲುಗಳನ್ನೂ ಕಾಯುತ್ತ ಕೂರುವುದಕ್ಕೂ ಆ ಅಡ್ಡಪಟ್ಟಿಯೇ ತಡೆ.